ಒಂದು ಟನ್ ಸಾಕು ಎಂದವರು

ಕಳೆದ ವಾರ ಎಸಿ ಸರ್ವಿಸಿಗೆಂದು ಮಾರತ್ತಹಳ್ಳಿಯಿಂದ ಬಂದ ಟೆಕ್ನಿಷಿಯನ್, ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆಯಂಥ ನಮ್ಮ ಟ್ರೇಲರ್‌ನ ಕಪಾಟು ತೆಗೆದು, "ಮೇಡಂ, ಈ ಪೆನ್ಸಿಲ್ ಗೀಚಾಟ ಒರೆಸ್ಬಿಡ್ಲಾ?" ಎಂದು ಕೇಳಿದ. ಬಾಗಿಲಿನ ಒಳಮೈಯಲ್ಲಿ ಒಂದರ ಕೆಳಗೊಂದು ಅಂಕಿಗಳು. ಮೂವತ್ತೊಂಬತ್ತು, ಮೂವತ್ತಾರು, ಮೂವತ್ತಮೂರು... ನಾನು ಅದೇನು ಮುಖ ಮಾಡಿದೆನೋ, ಅವನು ಬಟ್ಟೆಯನ್ನು ತೆಪ್ಪಗೆ ಜೇಬಿಗೆ ಹಾಕಿಕೊಂಡ.

ಆ ಅಂಕಿಗಳು ಚಾಚಾ ಬರೆದವು. ಶಿವಾಜಿನಗರದ ಒಂದು ಗಲ್ಲಿಯಲ್ಲಿ ಅವರ ಎಸಿ ರಿಪೇರಿ ಅಂಗಡಿಯಿತ್ತು. ಅಂಗಡಿ ಎಂದರೆ ಹಳೇ ಎಸಿಗಳ ರಾಶಿ, ಅದರ ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಚಾಚಾ. ಗರುಡಾಚಾರ್‌ಪಾಳ್ಯದ ಶೆಡ್ಡಿನಲ್ಲಿ ನಮಗೆ ಟ್ರೇಲರ್ ಕಟ್ಟಿಕೊಟ್ಟವರೇ ಅವರ ವಿಳಾಸ ಕೊಟ್ಟಿದ್ದರು.

ಟ್ರೇಲರ್ ನಮಗೆ ಶೋಕಿಯಾಗಿರಲಿಲ್ಲ. ಅಪಘಾತದಲ್ಲಿ ನನ್ನ ಗಂಡನ ಕುತ್ತಿಗೆಯ ಮೂಳೆ ಮುರಿದಿತ್ತು. ಕೈ ಅಷ್ಟಿಷ್ಟು ಆಡುತ್ತದೆ, ಕಾಲು ಇಲ್ಲ. ಜನಕ್ಕೆ ಕಾಣುವುದು ಅಷ್ಟೇ. ಕಾಣದ್ದು ಇನ್ನೊಂದಿದೆ: ಅವನ ಮೈ ಬೆವರುವುದಿಲ್ಲ. ಬಿಸಿ ಏರಿದರೆ ಏರುತ್ತಲೇ ಹೋಗುತ್ತದೆ, ಚಳಿ ಹೊಕ್ಕರೆ ಬಿಡುವುದಿಲ್ಲ. ಅವನ ಊರು ಕೊಪ್ಪಳದ ಕಡೆ, ತುಂಗಭದ್ರೆಯ ದಂಡೆ. ಮತ್ತೊಮ್ಮೆ ಹೊಳೆ ನೋಡಬೇಕು ಎಂಬುದೊಂದೇ ಅವನು ನನ್ನಲ್ಲಿ ಕೇಳಿದ್ದು. ಆ ಬಿಸಿಲಿಗೆ ಕರೆದುಕೊಂಡು ಹೋಗುತ್ತೀಯಾ, ತಲೆ ಕೆಟ್ಟಿದೆಯಾ ಎಂದರು ಎಲ್ಲರೂ. ಸಿ.ವಿ. ರಾಮನ್ ನಗರದ ಎರಡನೇ ಮಹಡಿಯ ಕಿಟಕಿಯಲ್ಲಿ ಅವನು ಜೀವಮಾನವಿಡೀ ಕೂತಿರಲಿ, ಅದು ಮಾತ್ರ ಬುದ್ಧಿವಂತಿಕೆ! ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಇದ್ದ ಒಡವೆ ಮಾರಿ ಟ್ರೇಲರ್ ಕಟ್ಟಿಸಿದೆ.

ಎಷ್ಟು ಟನ್ನಿನ ಎಸಿ ಬೇಕು ಎಂದು ಚಾಚಾರನ್ನು ಕೇಳಿದೆ. ಛಾವಣಿಗೆ ಯಾವ ಬಣ್ಣ, ಅಡುಗೆ ಒಳಗೋ ಹೊರಗೋ, ಮಧ್ಯಾಹ್ನ ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ಅವರೇ ಕೇಳಿದರು. ಆಮೇಲೆ, "ಗಾಡೀಲಿ ಕೂತು ನೋಡ್ದೆ ನಾನು ಟನ್ ಹೇಳಲ್ಲಮ್ಮಾ. ಶೆಕೆ ಬರ್ಲಿ, ಬಂದು ಕೂತ್ಕೋತೀನಿ" ಎಂದರು. ಆಗಿನ್ನೂ ಫೆಬ್ರವರಿ. ಈ ಮನುಷ್ಯ ವಿಚಿತ್ರ ಅನ್ನಿಸಿತು. ಶೋರೂಮಿನವರು ಉದ್ದ ಅಗಲ ಕೇಳಿ ಒಂದೇ ನಿಮಿಷದಲ್ಲಿ ಒಂದೂವರೆ ಅಂದರು. ನನ್ನ ತಮ್ಮ ಅದಕ್ಕೂ ಒಪ್ಪಲಿಲ್ಲ. "ಅಕ್ಕ, ಭಾವನ ವಿಷ್ಯ ಇದು. ಎರಡು ಟನ್ ಹಾಕಿಸ್ಬಿಡು, ಸೇಫು" ಎಂದ. ಭಯಪಟ್ಟವರು ಮಾಡುವ ತಪ್ಪನ್ನೇ ನಾನೂ ಮಾಡಿದೆ. ದೊಡ್ಡದನ್ನು ಕೊಂಡೆ.

ಮಾರ್ಚಿನ ಒಂದು ಮಧ್ಯಾಹ್ನ ಮನೆ ಮುಂದೆಯೇ ಗಾಡಿ ನಿಲ್ಲಿಸಿ, ಗಂಡನನ್ನು ಒಳಗೆ ಮಲಗಿಸಿ, ಜನರೇಟರ್ ಹಾಕಿ ನೋಡಿದೆವು. ಐದೇ ನಿಮಿಷಕ್ಕೆ ಒಳಗೆ ಹಿಮ. ಎಸಿ ತನ್ನಷ್ಟಕ್ಕೆ ನಿಂತಿತು. ನಿಂತ ಕೂಡಲೇ ಗಾಳಿ ಮುಗ್ಗಿ, ಹಾಸಿಗೆಯೆಲ್ಲ ಅಂಟಂಟು. ಮತ್ತೆ ಧಡ್ ಎಂದು ಶುರು, ಮತ್ತೆ ಹಿಮ. ಅವನ ಹಲ್ಲು ಕಟಕಟ ಎನ್ನತೊಡಗಿತು. ನಾಲ್ಕನೇ ಸಲ ಎಸಿ ಶುರುವಾಗುವಾಗ ಭಾರ ತಡೆಯದೆ ಜನರೇಟರೇ ಆಫಾಯಿತು. ಇನ್ನು ಸೆಕೆ ಏರುತ್ತದೆಂದು ನಾನೂ ತಮ್ಮನೂ ಅವನನ್ನು ಎತ್ತಿಕೊಂಡು ಹೊರಗೆ ತಂದೆವು. ಅವನು ಕಣ್ಣು ಮುಚ್ಚಿಕೊಂಡೇ, "ಸಾಕು ಬಿಡು. ಮನ್ಯಾಗೇ ಇರೂಣು" ಎಂದ. ಅಪಘಾತದ ದಿನವೂ ನಾನು ಅಷ್ಟು ಹೆದರಿರಲಿಲ್ಲ.

ಮರುದಿನವೇ ಶಿವಾಜಿನಗರಕ್ಕೆ ಹೋದೆ. ಮುಖ ಸಣ್ಣದು ಮಾಡಿಕೊಂಡು ಎಲ್ಲ ಹೇಳಿದೆ. ಮೊದಲೇ ಹೇಳಿದ್ದೆನಲ್ಲ ಎಂದು ಚಾಚಾ ಅನ್ನಲಿಲ್ಲ. ಯಾವತ್ತು ಬರಲಿ ಎಂದು ಮಾತ್ರ ಕೇಳಿದರು. ರಂಜಾನ್ ತಿಂಗಳು ನಡೆಯುತ್ತಿತ್ತು. "ನೀವು ಉಪವಾಸ ಚಾಚಾ, ಹಬ್ಬ ಕಳೀಲಿ" ಎಂದೆ.

"ರೋಜಾದಲ್ಲೇ ಸರಿಯಮ್ಮಾ. ನೀರು ಕುಡೀತಾ ಕೂತ್ರೆ ಶೆಕೆ ಎಷ್ಟಿದೆ ಗೊತ್ತಾಗಲ್ಲ."

ಬಂದರು. ಎಸಿ ಇಲ್ಲದೆಯೇ, ಬಾಗಿಲು ಮುಚ್ಚಿಸಿ, ನನ್ನ ಗಂಡ ಮಲಗುವ ಜಾಗದಲ್ಲಿ ನಡುಮಧ್ಯಾಹ್ನ ಒಂದು ಗಂಟೆ ಕೂತರು. ಹತ್ತು ನಿಮಿಷಕ್ಕೊಮ್ಮೆ ನಾನು ಕಿಟಕಿ ಬಡಿಯುವುದು, ಅವರು ಒಳಗಿಂದ ಕೈ ಅಲ್ಲಾಡಿಸುವುದು. ಹೊರಗೆ ಬಂದಾಗ ಬನಿಯನ್ ಹಿಂಡುವ ಹಾಗಿತ್ತು. ನೆರಳಿನಲ್ಲಿ ಕೂತು ಸುಧಾರಿಸಿಕೊಂಡು, "ಶೆಕೆ ಛಾವಣಿಯಿಂದ ಇಳೀತಿದೆ, ಆ ಕಿಟಕಿಯಿಂದ ನುಗ್ತಿದೆ. ಮೊದ್ಲು ಅದನ್ನ ತಡೀರಿ. ಆಮೇಲೆ ಒಂದು ಟನ್ ಸಾಕು. ಎಸಿ ನಿಲ್ಲದೆ ಓಡ್ತಾ ಇರ್ಬೇಕು, ಆಗ್ಲೇ ತೇವ ಹೋಗೋದು" ಎಂದರು. ಛಾವಣಿಗೆ ಬಿಳಿ ಬಣ್ಣ ಹೊಡೆಸಿದೆವು, ಪಶ್ಚಿಮದ ಕಿಟಕಿಗೆ ದಪ್ಪ ಹಲಗೆ ಬಂತು. ದೊಡ್ಡದನ್ನು ಬಿಚ್ಚಿ ಚಿಕ್ಕದನ್ನು ಅವರೇ ಕೂರಿಸಿದರು.

ಇನ್ನೊಂದು ದಿನ, ಅದೇ ಹೊತ್ತಿಗೆ, ನನ್ನ ಗಂಡನ ಪಕ್ಕದಲ್ಲಿ ಮತ್ತೆ ಕೂತರು. ಥರ್ಮಾಮೀಟರ್ ನೋಡಿ ನೋಡಿ ಕಪಾಟಿನ ಬಾಗಿಲ ಮೇಲೆ ಬರೆದದ್ದೇ ಈ ಅಂಕಿಗಳು. ನಿಧಾನಕ್ಕೆ ಇಳಿದವು. ಕೊನೆಗೆ ಇಪ್ಪತ್ತೇಳು, ಇಪ್ಪತ್ತೇಳು, ಇಪ್ಪತ್ತೇಳು. ಹಾಸಿಗೆ ಒಣಗಿಯೇ ಇತ್ತು. ನೋಡಿದರೆ ಅವನಿಗೆ ನಿದ್ದೆ ಬಂದಿತ್ತು. ಚಾಚಾ ಪಿಸುದನಿಯಲ್ಲಿ, "ಹೊಳೆ ಹತ್ರ ಮಧ್ಯಾಹ್ನ ಎಷ್ಟು ತೋರಿಸ್ತು ಅಂತ ಬಂದು ಹೇಳ್ಬೇಕು ನೀವು" ಎಂದರು.

ಹೋದೆವು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಹೊಳೆಯ ದಂಡೆಯಲ್ಲಿ, ಮಧ್ಯಾಹ್ನ ಎರಡಕ್ಕೆ, ಹೊರಗೆ ಕಲ್ಲು ಕಾದು ಕೆಂಡವಾಗಿದ್ದಾಗ ಒಳಗೆ ಇಪ್ಪತ್ತೆಂಟು. ಸಂಜೆ ತಂಪಾದ ಮೇಲೆ ಅವನ ಕುರ್ಚಿಯನ್ನು ನೀರಿನ ಅಂಚಿಗೇ ತಳ್ಳಿಕೊಂಡು ಹೋದೆ. ಕತ್ತಲಾಗುವವರೆಗೂ ಅವನು ನೀರನ್ನು ನೋಡುತ್ತಲೇ ಇದ್ದ...

ಚಾಚಾಗೆ ಹೇಳಬೇಕೆಂದುಕೊಂಡೇ ಆಫೀಸು, ಫಿಸಿಯೋಥೆರಪಿ ಎಂದು ಎರಡು ತಿಂಗಳು ಕಳೆಯಿತು. ಕೊನೆಗೊಂದು ದಿನ ಗಲ್ಲಿಗೆ ಹೋದರೆ ಷಟರ್ ಮುಚ್ಚಿತ್ತು. ಹೃದಯಾಘಾತವಾಗಿ ತೀರಿಕೊಂಡು ಮೂರು ವಾರವಾಯಿತು ಎಂದರು ಪಕ್ಕದ ಅಂಗಡಿಯವರು. ಒಂದು ಫೋನ್ ಮಾಡಲು ಎಷ್ಟು ಹೊತ್ತು ಬೇಕಿತ್ತು? ಈ ಒಂದು ವಿಷಯದಲ್ಲಿ ನನ್ನನ್ನು ನಾನು ಕ್ಷಮಿಸಿಲ್ಲ. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಟೆಕ್ನಿಷಿಯನ್ ಹೊರಡುವ ಮುಂಚೆ, "ಒಂದು ಟನ್ ತುಂಬಾ ಸಣ್ಣದಾಯ್ತು ಮೇಡಂ, ದೊಡ್ಡದು ಹಾಕಿಸ್ಬಿಡಿ" ಎಂದ. ಅವನನ್ನು ಒಳಗೆ ಕರೆದು, ಕಪಾಟಿನ ಬಾಗಿಲನ್ನು ಪೂರ್ತಿ ತೆರೆದು ತೋರಿಸಿದೆ. ಚಾಚಾರ ಅಂಕಿಗಳ ಕೆಳಗೆ ನನ್ನ ಅಕ್ಷರದಲ್ಲಿ ಇನ್ನೂ ನಾಲ್ಕು ಇವೆ, ಹೊಳೆಗೆ ಹೋದ ಒಂದೊಂದು ಬೇಸಿಗೆಗೆ ಒಂದೊಂದು. ಬರುವ ಭಾನುವಾರ ಮತ್ತೆ ಹೊರಡುತ್ತಿದ್ದೇವೆ. ತಮ್ಮ ಈಗಲೂ ಬೇಡವೆನ್ನುತ್ತಾನೆ. ನಾನು ಪೆನ್ಸಿಲ್ ಚೂಪು ಮಾಡಿಟ್ಟಿದ್ದೇನೆ.