ಜೊಂಡಿಗೆ ಬಿಟ್ಟ ದಂಡೆ

ಅಜ್ವಾಂಗ್ ಉಯೋಮದಿಂದ ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ಅತ್ತೆ ಅಲುವೊಚ್ ಅವಳನ್ನು ವಿಕ್ಟೋರಿಯಾ ಸರೋವರದ ದಡಕ್ಕೆ ಕರೆದೊಯ್ದು ನೀರು ತುಂಬುವುದನ್ನು ಕಲಿಸಿದಳು. ಜೊಂಡು ದಾಟಿ ಸೊಂಟದ ಮಟ್ಟಕ್ಕೆ ಇಳಿಯಬೇಕು, ಮೇಲುನೀರನ್ನು ಅಂಗೈಯಿಂದ ಸರಿಸಿ ಕೊಡ ಮುಳುಗಿಸಬೇಕು. ಬಗ್ಗಿದರೆ ಕಾಲ್ಬೆರಳುಗಳೂ ಅವುಗಳ ನಡುವೆ ಸುಳಿಯುವ ಮೀನಿನ ಮರಿಗಳೂ ಕಾಣುತ್ತಿದ್ದ ಕಾಲ ಅದು.

ಆ ನೀರು ಯಾವತ್ತು ಕೆಟ್ಟಿತೆಂದು ಅಜ್ವಾಂಗ್‌ಗೆ ಹೇಳಲಾಗದು. ಮಗಳು ಅಪೊಂಡಿ ಹುಟ್ಟುವ ಹೊತ್ತಿಗೆ, ಮಳೆಗಾಲದಲ್ಲಿ ನದಿ ತರುವ ಕೆಂಪು ನೀರು ಬೇಗ ತಿಳಿಯಾಗುತ್ತಿರಲಿಲ್ಲ. ಮಗು ನಡೆಯತೊಡಗಿದಾಗ, ಬೇಸಿಗೆಯಲ್ಲಿ ದಡಕ್ಕೆ ಹಸಿರು ಬಣ್ಣ ಕಲಸಿ ಸುರಿದ ಹಾಗೆ ಪಾಚಿ ಕಟ್ಟುತ್ತಿತ್ತು. ಆಮೇಲೆ ನೀರ ಮೇಲೆ ತೇಲುವ ಅಂತರಗಂಗೆ ಬಂತು. ಒಮ್ಮೆ ಗಾಳಿ ತಿರುಗಿ ಆ ಕಳೆ ಮೀನಿಗೆ ಹೋಗಿದ್ದ ಗಂಡ ಒಬುರನ ದೋಣಿಯನ್ನು ಸುತ್ತುಗಟ್ಟಿತು. ಹುಟ್ಟು ಹಾಕಿದರೆ ಬೇರಿಗೆ ಸಿಕ್ಕುತ್ತಿತ್ತು. ಮರುದಿನ ಗಾಳಿ ಬದಲಾದ ಮೇಲೆ ದಡ ಸೇರಿದ ಅವನು ದೋಣಿ ಮಗುಚಿಟ್ಟು ಕಲ್ಲು ಒಡೆಯುವ ಕೆಲಸಕ್ಕೆ ಹೋದ.

ಆ ಕೂಲಿ ಸಾಲದೆ ಮನೆ ನಡೆಸುವ ಭಾರ ಹೆಂಗಸರ ಮೇಲೆ ಬಿತ್ತು. ಅತ್ತೆ ಸೊಸೆ ದಡದ ಜೊಂಡು ಕಡಿದು ಸುಟ್ಟು, ಆ ಕಪ್ಪು ಮಣ್ಣಿನಲ್ಲಿ ಸುಕುಮಾ ಸೊಪ್ಪಿನ ಪಾತಿ ಮಾಡಿದರು. ಊರಿಗೆ ಊರೇ ಹಾಗೆ ಮಾಡಿತ್ತು.

ಒಂದು ವರ್ಷ ಕಾಲರಾ ಬಂತು. ನೆರೆಮನೆಯ ಮಗು ಹೋಯಿತು. ಅಪೊಂಡಿ ಕಣ್ಣು ಗುಳಿಬಿದ್ದು ಮಲಗಿ, ಹೇಗೋ ಉಳಿದಳು. ನೀರು ಕುದಿಸಿ ಕುಡಿಯಿರಿ ಎಂದು ಆಸ್ಪತ್ರೆಯ ನರ್ಸ್ ಹೇಳಿ ಕಳಿಸಿದಳು. ಅತ್ತೆ ಒಪ್ಪಲಿಲ್ಲ.

“ನನ್ನ ಗಂಡನ್ನ ಸಾಕಿದ ನೀರು, ಮಕ್ಕಳನ್ನ ಸಾಕಿದ ನೀರು. ಅದನ್ನ ಒಲೆ ಮೇಲಿಟ್ಟು ಕೊಲ್ಲೋಕೆ ನಾನೇನು ಎಲ್ಲಿಂದಲೋ ಬಂದವಳಾ?”

ಅತ್ತೆ ಆಚೆ ಹೋದಾಗ ಅಜ್ವಾಂಗ್ ನೀರು ಕುದಿಸಿ, ಆರಿಸಿ, ಮಡಕೆಗೆ ಸುರಿದು, ಈಗಷ್ಟೇ ತಂದದ್ದು ಎನ್ನುತ್ತಿದ್ದಳು. ವರ್ಷಗಳು ಹಾಗೇ ಉರುಳಿದವು.

ಒಂದು ಮಳೆಗಾಲದ ಮಧ್ಯಾಹ್ನ, ಮಂಡಿ ನೋವಿಗೆ ಮನೆಯಲ್ಲೇ ಉಳಿದಿದ್ದ ಅತ್ತೆ ಬಾಗಿಲಲ್ಲಿ ಕೂತು, ತಮ್ಮ ಪಾತಿಗಳ ಮಣ್ಣು ಕೊಚ್ಚಿಹೋಗಿ ಸರೋವರ ಸೇರುವುದನ್ನು ನೋಡುತ್ತಿದ್ದಳು. ನೀರು ಕೇಳಿ ಕುಡಿದು ಲೋಟ ಕೆಳಗಿಟ್ಟಳು.

“ಉಯೋಮದವಳೇ, ಸೌದೆ ಹಸಿ ಇತ್ತಾ ಇವತ್ತು?”

“ಯಾಕತ್ತೆ?”

“ಹೊಗೆ ವಾಸನೆ ದಿನಕ್ಕಿಂತ ಜಾಸ್ತಿ ಹೊಡೀತದೆ.”

ಅಜ್ವಾಂಗ್‌ಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ನೋಡಿದರೆ ಅತ್ತೆ ನಗುತ್ತಿದ್ದಳು.

“ಮೊದಲನೇ ದಿನಾನೇ ಗೊತ್ತಾಗಿತ್ತು ಕಣೇ. ನೀನು ಕೇಳಿದ್ರೆ ನಾನು ಬೇಡ ಅನ್ಬೇಕಿತ್ತು, ಬೇಡ ಅಂದ್ರೆ ಎಲ್ರೂ ಸಾಯ್ಬೇಕಿತ್ತು. ಅದಕ್ಕೇ ಸುಮ್ನಿದ್ದೆ.” ಮತ್ತೆ ಹೊರಗೆ ನೋಡಿದಳು. “ನೀರಿಗೆ ಮೈ ಸರಿ ಇಲ್ಲ ಅಂತ ಬಾಯಿಬಿಟ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತು ನಂಗೆ. ಜೊಂಡಿದ್ದಾಗ ಮಣ್ಣು ಅಲ್ಲೇ ನಿಲ್ತಿತ್ತು. ಕಡಿದೋರು ನಾವೇ. ನಮ್ಮ ಪಾಲಿನ ದಂಡೆನಾದ್ರೂ ಜೊಂಡಿಗೆ ಬಿಟ್ಬಿಡು.”

ಅಜ್ವಾಂಗ್ ಪಾತಿಗಳನ್ನು ಮೇಲಿನ ಇಳಿಜಾರಿಗೆ ಒಯ್ದಳು. ಅಲ್ಲಿಗೆ ನೀರು ಹೊತ್ತು ಹೊತ್ತು ಹೆಗಲು ಬಿದ್ದುಹೋಯಿತು, ಸೊಪ್ಪೂ ಮೊದಲಿನಷ್ಟು ಬರಲಿಲ್ಲ. ತಿನ್ನೋ ಸೊಪ್ಪು ಕಿತ್ತು ಹುಲ್ಲು ಬೆಳೆಸುವವಳ ಮೈಮೇಲೆ ಹಸು ಬಂದಿದೆ ಎಂದು ಒಬುರ ಊರೆಲ್ಲ ಹೇಳಿಕೊಂಡು ತಿರುಗಿದ. ಆದರೆ ಬೇರು ಸತ್ತಿರಲಿಲ್ಲ. ಜೊಂಡು ಆಳೆತ್ತರ ಎದ್ದು ತಲೆ ತೂಗಿತು. ಅತ್ತೆ ಅದನ್ನು ಕಣ್ಣಾರೆ ನೋಡಿಯೇ ಹೋದಳು.

ಪವಾಡವೇನೂ ನಡೆಯಲಿಲ್ಲ. ಬೇಸಿಗೆ ಬಂದರೆ ಸರೋವರ ಈಗಲೂ ಹಸಿರಾಗುತ್ತದೆ, ಅಜ್ವಾಂಗ್ ಈಗಲೂ ನೀರು ಕುದಿಸುತ್ತಾಳೆ. ಆದರೆ ಅವಳ ಪಾಲಿನ ದಂಡೆಯಲ್ಲಿ ಮಳೆಯ ಕೆಂಪು ನೀರು ಕಾಂಡಗಳ ನಡುವೆ ನಿಂತು, ಮಣ್ಣು ಬಿಟ್ಟು ಮುಂದೆ ಹೋಗುತ್ತದೆ. ಕೆಸರಿನಲ್ಲಿ ಕಮೊಂಗೊ ಮೀನು ಮನೆ ಮಾಡಿದೆ. ಪಕ್ಕದವಳೂ ತನ್ನ ದಂಡೆ ಬಿಟ್ಟಿದ್ದಳು, ಮಕ್ಕಳ ಹೊಟ್ಟೆ ನೋಡಿ ಮತ್ತೆ ಕಡಿದಳು. ಅಜ್ವಾಂಗ್ ಜಗಳಕ್ಕೆ ಹೋಗಲಿಲ್ಲ. ಮೇಲಿನ ಪಾತಿಯಿಂದ ಒಂದು ಕಟ್ಟು ಸೊಪ್ಪು ಕೊಟ್ಟು ಬಂದಳು.

ಒಬುರನಿಗೆ ಈಗ ವಯಸ್ಸಾಗಿದೆ. ಸಂಜೆಯಾದರೆ ಜೊಂಡಿನ ಅಂಚಿಗೆ ಗಾಳ ಹಿಡಿದು ಕೂರುತ್ತಾನೆ. ಇಲ್ಲಿ ಜೊಂಡು ಬಿಟ್ಟವರು ಯಾರು ಎಂದು ಹೊಸಬರು ಕೇಳಿದರೆ, ತಾನೇ ಎನ್ನುತ್ತಾನೆ. ಅಜ್ವಾಂಗ್ ಕೇಳಿಸಿಕೊಂಡೂ ತಿದ್ದುವುದಿಲ್ಲ.