ಏನು ತಿಂದಿದ್ರಿ ಎಂದು ಕೇಳಿದವರು

ಮೊನ್ನೆ ಭಾನುವಾರ ಮಧ್ಯಾಹ್ನ ಪಕ್ಕದ ಮನೆಯವರು ಗಸಗಸೆ ಹುರಿದರು. ಹುರಿಯುವವರು ಹುರಿದುಕೊಳ್ಳಲಿ, ಅದರಲ್ಲೇನು ಎಂದು ನೀವು ಕೇಳಬಹುದು. ಉಪ್ಪಲ್‌ನ ನಮ್ಮ ಓಣಿಯಲ್ಲಿ ಮನೆಗೂ ಮನೆಗೂ ನಡುವೆ ಒಂದು ಮೊಳದ ಸಂದು. ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಸೀನುತ್ತೇವೆ. ಸಣ್ಣ ಉರಿಯಲ್ಲಿ ಗಸಗಸೆ ಚಿಟಿಚಿಟಿ ಎನ್ನುವಾಗ ಬರುವ ಆ ವಾಸನೆ ಒಳಗೆ ಬಂದದ್ದೇ ತಡ, ನಾನು ಎದ್ದು ಕಿಟಕಿ ಹಾಕಿದೆ. ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದ ನನ್ನ ಹೆಂಡತಿ ಸುಮಂಗಲಾ ತಲೆಯೆತ್ತಿದಳು.

"ಯಾಕ್ರೀ, ಇಷ್ಟ್ ಸೆಕಿ ಐತಿ, ಕಿಟಕಿ ಹಾಕಿದ್ರಿ?"

"ಧೂಳ ಬರಾಕತ್ತೈತಿ," ಎಂದೆ.

ಧೂಳಿನಲ್ಲೇ ಹೊಟ್ಟೆ ಹೊರೆದುಕೊಂಡ ಮನುಷ್ಯ ಧೂಳಿಗೆ ಹೆದರಿ ಕಿಟಕಿ ಹಾಕಿದನೆಂದರೆ ಯಾರು ನಂಬುತ್ತಾರೆ? ಅವಳೂ ನಂಬಲಿಲ್ಲ. ಆದರೆ ಸುಮ್ಮನಾದಳು. ನಮ್ಮ ಮನೆಯಲ್ಲಿ ಸುಮ್ಮನಾಗುವುದು ಹಳೆಯ ರೂಢಿ.

ನಾನು ಫರಸಿ, ಟೈಲ್ಸ್ ಹಾಕುವ ಮೇಸ್ತ್ರಿ. ಯಾದಗಿರಿ ಕಡೆಯವನು. ಆರನೆಯ ಇಯತ್ತೆಗೆ ಶಾಲೆ ಬಿಟ್ಟು ತೆಲುಗು ನಾಡಿನ ಈ ದೊಡ್ಡ ಊರಿಗೆ ಬಂದೆ. ಮಣಿಕೊಂಡದ ಆಚೆ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಇವತ್ತು ಕಂಪ್ಯೂಟರಿನ ಮಂದಿ ಬೂಟು ಹಾಕಿಕೊಂಡು ಟಕಟಕ ಓಡಾಡುವ ಎಷ್ಟೋ ನೆಲಗಳನ್ನು ನಾನು ಮೊಣಕಾಲೂರಿ ಹಾಸಿದ್ದೇನೆ. ನಾನು ಕೂಡಿಸಿದ ಕಲ್ಲನ್ನು ಗೆಣ್ಣಿನಿಂದ ತಟ್ಟಿ ನೋಡಿ, ಒಂದರಲ್ಲಿ ಟೊಳ್ಳು ಸದ್ದು ಬಂದರೆ ಕೇಳಿ. ಬೀಡಿ ಇಲ್ಲ, ಗುಟಕಾ ಇಲ್ಲ, ಎಲೆ ಅಡಿಕೆ ಕೂಡ ಇಲ್ಲ. ಇದನ್ನು ಹೇಳಿಕೊಳ್ಳುವುದು ಮಾತ್ರ ನನಗಿದ್ದ ಒಂದೇ ಚಟ.

ಇನ್ನೊಂದನ್ನೂ ಹೇಳಿಕೊಳ್ಳುತ್ತಿದ್ದೆ. ಮದುವೆಯಾದ ಮೇಲೆ ಸುಮಂಗಲಾಳನ್ನು ನಾರಾಯಣಗೂಡದಲ್ಲಿ ನರ್ಸಿಂಗ್ ಕಲಿಯಲು ಹಚ್ಚಿದೆ. "ನಾನೇ ಓದಿಸಿದೆ" ಎಂದು ಎದುರು ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ನಸುಕಿನಲ್ಲಿ ಎದ್ದು ಅಡುಗೆ ಮುಗಿಸಿ, ಎರಡು ಬಸ್ಸು ಬದಲಿಸಿ ಹೋಗಿ ಓದಿದವಳು ಆ ಮಾತಿನಲ್ಲಿ ಎಲ್ಲೂ ಬರುತ್ತಿರಲಿಲ್ಲ.

ಊರಿಗೆ ಊರೇ ಎಲ್ಲಿಗೋ ಹೊರಟಂತಿದ್ದ ದಿನಗಳು. ಒಂದು ಓಣಿಯಲ್ಲಿ ಇಬ್ಬರಾದರೂ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸುಮಂಗಲಾಳಿಗೆ ಕೊಲ್ಲಿ ದೇಶದ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಒಂದು ವರ್ಷದ ಮೇಲೆ ಗಂಡನನ್ನು ಕರೆಸಿಕೊಳ್ಳಬಹುದು ಎಂದು ಹೇಳಿದ್ದರು. ಅವಳು ಹೋದಳು; ವರ್ಷ ತುಂಬಿದ ಮೇಲೆ ನನ್ನನ್ನು ಕರೆಸಿಕೊಳ್ಳಲು ಕಾಗದ ಹಾಕಿದಳು. "ಇಲ್ಲಿ ಕಟ್ಟಡದ ಕೆಲಸ ಬೇಕಾದಷ್ಟ ಐತ್ರಿ, ನೀವ್ ಬಂದ್ರ ಸಾಕು," ಎಂದು ಫೋನಿನಲ್ಲಿ ಹೇಳುವಾಗ ಅವಳ ದನಿ ಓದುತ್ತಿದ್ದ ದಿನಗಳ ಹಾಗೆ ಹಗುರಾಗಿತ್ತು.

ಏಜೆಂಟರ ಆಫೀಸಿನಲ್ಲಿ ನನ್ನ ಫಾರ್ಮು ತುಂಬಿದರು. ನನ್ನ ಹೆಸರಿನ ಮುಂದೆ 'ಡಿಪೆಂಡೆಂಟ್' ಎಂದು ಬರೆದರು. ಅದೇನೆಂದು ಕೇಳಲು ನಾಚಿಕೆಯಾಗಿ ಮರುದಿನ ಜೊತೆಯ ಕೆಲಸಗಾರ ಭೀಮಣ್ಣನನ್ನು ಕೇಳಿದೆ. ಅವನು ಹತ್ತನೆಯ ಇಯತ್ತೆಯವರೆಗೆ ಹೋದವನು. ನನ್ನ ಹೆಂಡತಿಯನ್ನು ವೈನಿ ಎನ್ನುತ್ತಿದ್ದ.

"ಅಂದ್ರ ವೈನಿ ಪಗಾರದ ಮ್ಯಾಲೆ ಇರಾಂವ ಅಂತ್ರಿ ಮೇಸ್ತ್ರಿ. ವೈನಿ ಕೊಟ್ರ ಚಾ, ಇಲ್ಲಂದ್ರ ನೀರು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವತ್ತು ಹಾಸಿದ ಒಂದು ಸಾಲು ಪೂರ್ತಿ ಸೊಟ್ಟಗಾಗಿ, ಸಿಮೆಂಟು ಹಸಿ ಇರುವಾಗಲೇ ಎಬ್ಬಿಸಿ ಮತ್ತೆ ಕೂಡಿಸಿದೆ.

ಅಂದಿನಿಂದ ನನ್ನ ನಿದ್ದೆ ಹಾರಿಹೋಯಿತು. ಆಗ ನನ್ನ ಅಕ್ಕ ನೀಲವ್ವ ನನ್ನ ಜೊತೆಗಿದ್ದಳು. ಗಂಡ ತೀರಿಕೊಂಡ ಮೇಲೆ ಅವಳಿಗೆ ನಾನೇ ಮಗ, ನಾನೇ ತಮ್ಮ. ನಮ್ಮ ಮನೆತನದಲ್ಲಿ ಯಾರೇ ದೂರ ದುಡಿಯಲು ಹೊರಟರೂ ಗಸಗಸೆ ಪಾಯಸ ಕುಡಿಸಿ ಕಳಿಸುತ್ತಾರೆ. ನೆತ್ತಿ ತಣ್ಣಗಿರುತ್ತದೆ, ಪರಊರಿನಲ್ಲಿ ನಿದ್ದೆ ಹತ್ತುತ್ತದೆ ಎಂಬ ನಂಬಿಕೆ. ನಾನು ಹೊರಡುವುದು ಇನ್ನೂ ದೂರವಿತ್ತು; ವೈದ್ಯಕೀಯ ಪರೀಕ್ಷೆಯೇ ಮುಗಿದಿರಲಿಲ್ಲ. ನನ್ನ ಕೆಂಪು ಕಣ್ಣು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಗಸಗಸೆ ಹುರಿದು, ಕೊಬ್ಬರಿಯ ಜೊತೆ ನುಣ್ಣಗೆ ರುಬ್ಬಿ, ಬೆಲ್ಲ ಹಾಕಿ ಕುದಿಸಿ, ಮೂರು ದಿನ ಎರಡೂ ಹೊತ್ತು ದೊಡ್ಡ ಲೋಟದ ತುಂಬ ಕೊಟ್ಟಳು.

"ಕುಡಿ ತಮ್ಮಾ. ಕಡೀ ಗುಟುಕ ಬಿಡಬ್ಯಾಡ, ಸತ್ತ್ವೆಲ್ಲಾ ತಳದಾಗಿರತೈತಿ."

ನಾಲ್ಕನೆಯ ದಿನ ಚೆನ್ನಾಗಿ ನಿದ್ದೆ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಪರೀಕ್ಷೆಗೆ ಹೋದೆ. ರಕ್ತ ತೆಗೆದರು, ಎದೆಯ ಫೋಟೋ ತೆಗೆದರು, ಮೂತ್ರ ಹಿಡಿದುಕೊಡಿ ಎಂದರು.

ವಾರದ ಮೇಲೆ ಕರೆ ಬಂತು. ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದ ಡಾಕ್ಟರಮ್ಮ ಬಾಗಿಲು ಮುಂದೆ ಮಾಡಿ ತೆಲುಗಿನಲ್ಲಿ ಮೆಲ್ಲಗೆ ಹೇಳಿದರು. ನನ್ನ ಮೂತ್ರದಲ್ಲಿ ಅಫೀಮಿನ ಅಂಶ ಬಂದಿದೆಯಂತೆ. ಕಳೆದ ವಾರ, ಪರೀಕ್ಷೆಗೆ ಮೊದಲಿನ ಮೂರು ದಿನ ಏನೇನು ತಿಂದಿರಿ, ಯಾವ ಗುಳಿಗೆ ನುಂಗಿದಿರಿ, ಎಲ್ಲ ಬರೆದುಕೊಡಿ. ಹದಿನೈದು ದಿನದೊಳಗೆ ಕೇಳಿಕೊಂಡರೆ ಇನ್ನೊಮ್ಮೆ ಪರೀಕ್ಷೆ ಮಾಡುತ್ತೇವೆ ಎಂದು ಒಂದು ಖಾಲಿ ಹಾಳೆಯನ್ನು ನನ್ನ ಕಡೆ ಸರಿಸಿದರು.

ನಾನು ಕೇಳಿಸಿಕೊಂಡದ್ದು ಅಫೀಮು ಎಂಬ ಒಂದು ಶಬ್ದ ಮಾತ್ರ. ಅವರ ದನಿಯಲ್ಲಿ ಅನುಮಾನವಿರಲಿಲ್ಲ ಎಂದು ಈಗ ಗೊತ್ತಾಗುತ್ತದೆ. ಆಗ, ಬರೆಯಲು ಸರಿಯಾಗಿ ಬಾರದವನ ಮುಂದೆ ಹಾಳೆ ಇಟ್ಟು ಕಳ್ಳನಿಂದ ಪಡೆಯುವ ಹಾಗೆ ಹೇಳಿಕೆ ಕೇಳುತ್ತಿದ್ದಾರೆ ಎನಿಸಿತು.

"ನಾನು ದುಡಿದು ತಿನ್ನುವವನಮ್ಮಾ. ನಶೆ ಮಾಡುವ ಮುಖ ಇಂಥದಿರುತ್ತದೇನು?" ಎಂದು ನನ್ನ ಮುರುಕು ತೆಲುಗಿನಲ್ಲಿ ಹೇಳಿ ಎದ್ದು ಬಂದೆ. ಹಾಳೆ ಅಲ್ಲೇ ಉಳಿಯಿತು.

ಇನ್ನೊಂದು ಮಾತು. ಮೆಟ್ಟಿಲಿಳಿಯುವಾಗ ಮೈಯೆಲ್ಲ ಸಿಟ್ಟಿತ್ತು, ನಿಜ. ಆದರೆ ಆ ಸಿಟ್ಟಿನ ಕೆಳಗೆ ಸಣ್ಣದೊಂದು ಸಮಾಧಾನವೂ ಇತ್ತು. ಇನ್ನು ಯಾರ ಪಗಾರದ ಮೇಲೂ ನಾನು ಇರಬೇಕಾಗಿಲ್ಲ. ಇದನ್ನು ನಾನು ಇಷ್ಟು ವರ್ಷ ನನಗೇ ಹೇಳಿಕೊಂಡಿರಲಿಲ್ಲ.

ಸುಮಂಗಲಾ ಫೋನ್ ಮಾಡಿದಳು. ಹೇಳಿದೆ.

"ಏನ್ ತಿಂದಿದ್ರಿ?" ಎಂದಳು. "ಬೆನ್ನ ನೋವಿಗೆ ಯಾರರ ಗುಳಿಗಿ ಕೊಟ್ಟಿದ್ರೇನು?"

"ನೀನೂ ಹಂಗ ಕೇಳ್ತೀಯೇನ?"

"ಸಿಟ್ಟಾಗಬ್ಯಾಡ್ರಿ. ಇನ್ನೊಮ್ಮೆ ಮಾಡಂಗಿಲ್ಲಂತೇನು?"

"ಇಲ್ಲ. ಒಮ್ಮೆ ಅಂದ್ರ ಒಮ್ಮೆ."

ಸುಳ್ಳು ಅದೇ. ಇಷ್ಟೇ ಉದ್ದದ್ದು. ಹದಿನೈದು ದಿನ ಕಳೆದವು. ವೀಸಾ ಇಲ್ಲವೆಂದು ಕಾಗದ ಬಂತು. ಮುಂದಿನ ವರ್ಷ ಅವಳ ಕರಾರು ಮುಗಿಯಿತು. ಉಳಿಯಿರಿ, ಮೇಲಿನ ಜಾಗ ಕೊಡುತ್ತೇವೆ ಎಂದು ಆಸ್ಪತ್ರೆಯವರು ಕೇಳಿಕೊಂಡರೂ ಉಳಿಯದೆ ಬಂದುಬಿಟ್ಟಳು. ಇಲ್ಲಿ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಸೇರಿಕೊಂಡಳು. ನಾನು ಓಣಿಯ ತುಂಬ ಎದೆಯುಬ್ಬಿಸಿ ತಿರುಗಿದೆ: "ನನ್ನ ಬಿಟ್ಟು ಇರಾಕ ಆಗಲಿಲ್ಲ ನೋಡ್ರಿ ಆಕೀಗೆ."

ಗಸಗಸೆಯ ಸಂಗತಿ ತಿಳಿದದ್ದು ಮೂರು ವರ್ಷದ ಮೇಲೆ. ಮಣಿಕೊಂಡದ ಒಂದು ಮನೆಯಲ್ಲಿ ನೆಲ ಹಾಸುತ್ತಿದ್ದೆ. ಆ ಮನೆಯ ಯಜಮಾನರು ಕೊಲ್ಲಿಗೆ ಹೋಗಿಬರುವವರು. ಹೆಂಡತಿ ಚೀಲಕ್ಕೆ ಮಸಾಲೆ ಸಾಮಾನು ತುಂಬುತ್ತಿದ್ದಾಗ ಅವರು ಹಿಂದಿಯಲ್ಲಿ ಕೂಗಿದರು: "ಗಸಗಸೆ ತೆಗಿ ಅದರಿಂದ! ಅಲ್ಲಿ ಹಿಡಿಯುತ್ತಾರೆ. ಅದು ಅಫೀಮಿನ ಗಿಡದ ಬೀಜ, ತಿಂದರೆ ಮೂತ್ರದಲ್ಲೂ ಬರುತ್ತದೆ." ನನ್ನ ಕೈಯ ರಬ್ಬರ್ ಸುತ್ತಿಗೆ ನಿಂತಿತು.

ಮನೆಗೆ ಬಂದು ಹೇಳಬೇಕಿತ್ತು. ನೀಲವ್ವ ಬಾಗಿಲಲ್ಲೇ ಕುಳಿತಿದ್ದಳು. ತಾನು ಕುಡಿಸಿದ ಪಾಯಸವೇ ತಮ್ಮನ ದಾರಿ ಮುಚ್ಚಿತೆಂದು ಗೊತ್ತಾದರೆ ಅವಳು ಉಣ್ಣುವುದನ್ನೇ ಬಿಡುತ್ತಿದ್ದಳು. ಅವಳು ಬದುಕಿರುವ ತನಕ ಬೇಡ ಎಂದುಕೊಂಡೆ. ಒಳ್ಳೆಯ ಕಾರಣವೇ. ಅದರ ಬೆನ್ನಿಗೆ ನನ್ನ ಸುಳ್ಳನ್ನೂ ಕೂಡಿಸಿಟ್ಟೆ. ಹೋದ ವರ್ಷ ನೀಲವ್ವ ತೀರಿಕೊಂಡಳು. ಒಳ್ಳೆಯ ಕಾರಣ ಅವಳ ಜೊತೆ ಹೋಯಿತು.

ಹಾಗಾಗಿ ಮೊನ್ನೆ ಭಾನುವಾರ, ಕಿಟಕಿ ಹಾಕಿದ ಮೇಲೆ, ಸುಮಂಗಲಾಳ ಎದುರು ಕುಳಿತು ಎಲ್ಲ ಹೇಳಿದೆ. ಮೂರು ದಿನದ ಪಾಯಸ, ಖಾಲಿ ಹಾಳೆ, ಇನ್ನೊಂದು ಪರೀಕ್ಷೆಗೆ ಅವಕಾಶವಿದ್ದದ್ದು, ಮೆಟ್ಟಿಲ ಮೇಲಿನ ಆ ಸಮಾಧಾನ ಕೂಡ. ಬೆಳ್ಳುಳ್ಳಿ ಸುಲಿಯುತ್ತಿದ್ದ ಅವಳ ಕೈ ನಿಂತಿತು.

"ನಾ ನರ್ಸ್ ಅದೀನ್ರಿ," ಎಂದಳು. "ಗಸಗಸಿ ಪಾಯಸ ಕುಡದೀನಿ ಅಂತ ಒಂದ್ ಮಾತ ಅಂದಿದ್ರ ಅವತ್ತ ನಮ್ಮ ಆಸ್ಪತ್ರಿಯವರ ಕಡೆಯಿಂದ ಪತ್ರ ಬರಸ್ತಿದ್ದೆ. ಅದಕ್ಕ ಕೇಳಿದ್ದು, ಏನ್ ತಿಂದಿದ್ರಿ ಅಂತ."

ಬೆಳ್ಳುಳ್ಳಿ ಬದಿಗೆ ಸರಿಸಿ ನನ್ನ ಕಡೆ ತಿರುಗಿದಳು.

"ನಾ ಯಾಕ ನೌಕರಿ ಬಿಟ್ಟು ಬಂದೆ ಅಂತ ತಿಳ್ಕೊಂಡೀರಿ?"

ಓಣಿಗೆಲ್ಲ ಹೇಳಿದ ಉತ್ತರ ನೆನಪಾಯಿತು.

"ನೋವಿಗೆ ಏನೋ ನುಂಗಾಕತ್ತೀರಿ, ಹೇಳಾಕ ನಾಚತೀರಿ ಅನ್ಕೊಂಡೆ. ಕೆಲಸದ ಮಂದಿ ಎಷ್ಟ್ ಜನ ಹಂಗ ಬರ್ತಿದ್ರು ನಮ್ಮ ವಾರ್ಡಿಗೆ. ಅದನ್ನ ಬಿಡಸಬೇಕಂತ ಬಂದೆ. ಅಂಗಿ ಒಗಿಯೂ ಮುಂದ ದಿನಾ ನಿಮ್ಮ ಕಿಸೆ ನೋಡೀನ್ರಿ. ಹದಿನಾಲ್ಕ ವರ್ಷ. ಏನೂ ಸಿಗಲಿಲ್ಲ. ಎಲ್ಲೋ ಮುಚ್ಚಿಡ್ತಾರ ಅನ್ಕೊಂಡು ಮತ್ತ ನೋಡ್ತಿದ್ದೆ."

ನನ್ನ ಮೇಲೆ ಅನುಮಾನಪಟ್ಟಳೆಂದು ಸಿಟ್ಟು ಬರಬೇಕಿತ್ತು. ಬರಲಿಲ್ಲ. ಚಟದವನೆಂದು ತಿಳಿದೂ ಅವಳು ತಟ್ಟೆಗೆ ಬಡಿಸಿದ್ದಳು, ಮಗ್ಗಲಲ್ಲಿ ಮಲಗಿದ್ದಳು, ಒಬ್ಬರ ಮುಂದೂ ಬಾಯಿ ಬಿಟ್ಟಿರಲಿಲ್ಲ.

ಸಂಜೆ ಭೀಮಣ್ಣ ತನ್ನ ಹೊಸ ಬೀಗರನ್ನು ಕರೆದುಕೊಂಡು ಬಂದ. ಕುಳಿತವನೇ ಎಂದಿನಂತೆ ಶುರು ಮಾಡಿದ: "ಇವರ ಮನಿಯವರು ಗಲ್ಫ್‌ನಾಗಿದ್ರು ಬೀಗರ. ನಮ್ಮ ಮೇಸ್ತ್ರೀನ ಬಿಟ್ಟು ಇರಾಕ ಆಗದ ಎಲ್ಲಾ ಬಿಟ್ಟು ಓಡಿ ಬಂದ್ರು. ಹೇಳ್ರಿ ಮೇಸ್ತ್ರಿ!"

ಸುಮಂಗಲಾ ಚಹಾ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಬೀಗರು ನಗಲು ತಯಾರಾಗಿ ನನ್ನ ಮುಖ ನೋಡುತ್ತಿದ್ದರು.

"ಹಂಗಲ್ರಿ," ಎಂದೆ. "ಆಕಿ ಬರೂದ ಬೇಕಿರಲಿಲ್ಲ. ನಾ ಅಲ್ಲಿಗೆ ಹೋಗಬೇಕಿತ್ತು. ಹೋಗಲಿಲ್ಲ."