ಟೀಚರಮ್ಮನ ಯಜಮಾನರು

ನಮ್ಮ ಶಾಸಕರಿಗೆ ಸರ್ಕಾರಿ ಶಾಲೆಯ ಮೇಷ್ಟರುಗಳೆಂದರೆ ಪ್ರಾಣ. ವೇದಿಕೆ ಹತ್ತಿದರೆ ಸಾಕು, ‘ನಾನು ಇವತ್ತು ಹೀಗಿದ್ರೆ ಅದಕ್ಕೆ ಮೇಷ್ಟ್ರುಗಳೇ ಕಾರಣ’ ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಮೇಷ್ಟರುಗಳು ಆರೋಪ ಕೇಳಿದವರಂತೆ ತಲೆ ತಗ್ಗಿಸುತ್ತಾರೆ. ಸದನದಲ್ಲಿ ಮಾತ್ರ ಶಾಸಕರ ಕಣ್ಣಿಗೆ ನಿದ್ದೆ, ಕೈಗೆ ಎಚ್ಚರ. ಮೇಷ್ಟರುಗಳ ಖಾಲಿ ಹುದ್ದೆಗಳನ್ನು ತುಂಬುವುದೇ ಬೇಡವೆಂಬ ಮಸೂದೆಗೂ ಕೈ ಎತ್ತಿದರು, ಮೂರು ತರಗತಿಗಳನ್ನು ಒಂದೇ ಕೋಣೆಗೆ ತುರುಕುವ ಮಸೂದೆಗೂ ಎತ್ತಿದರು. ಯಾಕೆಂದು ಕೇಳಿದರೆ, ‘ಪಕ್ಕದವರು ಎತ್ತಿದಾಗ ನಾನು ಸುಮ್ನೆ ಕೂತ್ರೆ ಚೆನ್ನಾಗಿರುತ್ತೇನ್ರೀ? ಅಲ್ಲದೆ ನಮ್ಮ ಮನೆಯವಳೇ ಟೀಚರು. ಇವತ್ತಿನವರೆಗೆ ಒಂದು ಮಾತು ಎದುರಾಡಿಲ್ಲ!’ ಎನ್ನುತ್ತಾರೆ. ಎದುರಾಡಲು ಆಕೆಗೆ ಗಂಟಲೆಲ್ಲಿದೆ? ಒಂದೇ ಕೋಣೆಯಲ್ಲಿ ಮೂರು ತರಗತಿಗೆ ಕೂಗಿ ಕೂಗಿ, ಮನೆಗೆ ಬರುವಷ್ಟರಲ್ಲಿ ಬರೀ ಉಸಿರು ಉಳಿದಿರುತ್ತದೆ. ಹಾಗೆಂದು ಶಾಸಕರು ಕಲ್ಲೆದೆಯವರಲ್ಲ. ಸಂಜೆ ತಾವೇ ಅಡುಗೆಮನೆಗೆ ಹೋಗಿ ಉಪ್ಪುನೀರು ಕಾಯಿಸಿ, ಬೆರಳದ್ದಿ ಬಿಸಿ ನೋಡಿ, ಸದನದಲ್ಲಿ ಎತ್ತಿದ ಅದೇ ಕೈಯಲ್ಲಿ ಲೋಟವನ್ನು ಹೆಂಡತಿಯ ಮುಂದೆ ಹಿಡಿಯುತ್ತಾರೆ. ‘ಅಲ್ಲ ಕಣೇ, ಅಷ್ಟೊಂದು ಯಾಕೆ ಕೂಗ್ತೀಯಾ?’ ಎಂದು ನಿಜವಾಗಿಯೂ ನೊಂದು ಕೇಳುತ್ತಾರೆ. ಆಕೆ ಬಾಯಿತುಂಬ ನೀರು ತುಂಬಿಕೊಂಡು ಅವರನ್ನೇ ನೋಡುತ್ತಾಳೆ.